ತೊಳೆಯಬಾರದ ಪೆಟ್ಟಿಗೆ

ಬುಡೆಯೊವಿತ್ಸೆ, ಸೋಮವಾರ

ಅಮ್ಮಾ,

ನಾನು ಪ್ರಾಗ್‌ಗೆ ಹೊರಟಿದ್ದೇನೆ, ಮನೆಗೆ ಬರುವುದು ಶುಕ್ರವಾರ. ಮನೆಯೆಲ್ಲ ಗುಡಿಸು, ಸಹಸ್ರಪದಿಗಳ ಪೆಟ್ಟಿಗೆ ಮಾತ್ರ ಮುಟ್ಟಬೇಡ. ಅದರೊಳಗಿನ ಕಪ್ಪು ಕಾಳು ಕೊಳೆಯಲ್ಲ, ದೊಡ್ಡವುಗಳ ಹಿಕ್ಕೆ. ಒಣಗಿದ ಎಲೆ ಅರಗಿಸುವ ಸೂಕ್ಷ್ಮಜೀವಿಗಳು ಮರಿಗಳ ಹೊಟ್ಟೆ ಸೇರುವುದು ಅದನ್ನು ತಿಂದಾಗಲೇ. ಹೋದ ಸಲ ನೀನು ವಿನೆಗರ್ ಹಾಕಿ ಉಜ್ಜಿದ ಮೇಲೆ ಮರಿಗಳು ಎಲೆರಾಶಿಯ ನಡುವೆಯೇ ಹಸಿದು ಸತ್ತವು.

“ಹಿಕ್ಕೆ ತಿನ್ನೋ ಹುಳ ಸಾಕೋಕೆ ಇಷ್ಟೆಲ್ಲ ಓದಿದ್ಯೇನೇ?” ಅಂತ ನೀನು ಅಂದಿದ್ದೆ. ಹೌದು, ಅದಕ್ಕೇ ಓದಿದ್ದು.

ಅಪ್ಪನನ್ನು ಮಣ್ಣು ಮಾಡಿದ ಮರುದಿನವೇ ನೀನು ಅವರ ಕೋಟನ್ನೂ ಒಗೆದುಬಿಟ್ಟೆ. ಮುಖ ಒತ್ತಿದರೆ ಬರೀ ಸೋಪಿನ ವಾಸನೆ. ಅವತ್ತು ನಾನು ಸುಮ್ಮನಿದ್ದೆ.

ಈ ಸಲ ಪೆಟ್ಟಿಗೆಗೆ ಬೀಗ ಹಾಕಿದ್ದೇನೆ. ಜಾಲರಿಯ ಮೇಲಿಂದ ದಿನಕ್ಕೊಮ್ಮೆ ನೀರು ಚಿಮುಕಿಸು, ಸಾಕು.

ನಿನ್ನ ಮಗಳು,
ಬ್ಲಾಂಕಾ