ಉಗುರಿಗೆ ಸಿಗುವ ಗೆರೆ

ಸಂಪಾಜೆ
೧೬-೨-೧೯೬೪

ಪ್ರೀತಿಯ ಕಮಲಕ್ಕನಿಗೆ ತಂಗಿ ಲೋಲಾಕ್ಷಿಯ ನಮಸ್ಕಾರಗಳು.

ನಿನ್ನ ಕಾಗದ ಬಂದು ತುಂಬ ದಿನವಾಯಿತು. ಉತ್ತರ ಬರೆಯದ್ದಕ್ಕೆ ಬೇಸರ ಮಾಡಬೇಡ. ಐದನೇ ಕ್ಲಾಸಿನ ನನ್ನ ಅಕ್ಷರ ನೋಡಿ ಭಾವ ನಕ್ಕಾರೇನೋ ಎಂದು ನಾಚಿಕೆ. ಮಗುವಿನ ಜ್ವರ ಬಿಟ್ಟಿತೇ? ನನ್ನನ್ನು ನೋಡಲು ಸುಳ್ಯದವರು ಬಂದ ದಿನ ಭಾವ ಒಬ್ಬರೇ ಬಂದರು. ಅಮ್ಮ ಇಲ್ಲದ ಮನೆ, ನೀನಾದರೂ ಇರಬೇಕಿತ್ತು. ಮಾತು ಮುಗಿದಿದೆ. ಮಳೆ ಹಿಡಿಯುವ ಮೊದಲೇ ಮದುವೆ.

ಇಲ್ಲಿಯ ಸುದ್ದಿ ಎಂದರೆ ಬೋರಿಂಗ್ ಹೆಡ್ಡಿನದು. ಹಳೇ ಕೊಟ್ಟಿಗೆಯಲ್ಲಿ ಅಪ್ಪ ಇಟ್ಟುಕೊಂಡಿರುವ, ಕಬ್ಬಿಣ ಕೆತ್ತುವ ಮಿಲ್ಲಿಂಗ್ ಮೆಷಿನ್ ನಿನಗೆ ಗೊತ್ತಲ್ಲ, ಅದಕ್ಕೆ ಇದನ್ನು ಸಿಕ್ಕಿಸಿದರೆ ಸವೆದ ಪಂಪಿನ ತೂತುಗಳನ್ನು ಮನೆಯಲ್ಲೇ ಕೊರೆದು ಸರಿಮಾಡಬಹುದು. ಲಾರಿ ಓಡಿಸುವ ಸಲಾಂ ಮಂಗಳೂರಿನಿಂದ ಎರಡು ತಂದಿದ್ದ. ಬೇಕಾದ್ದು ಇಟ್ಟುಕೊಂಡು ಇನ್ನೊಂದನ್ನು ಹಿಂದೆ ಕೊಡುವುದೆಂದು ಮಾತು. ಒಂದು ಸಣ್ಣದು, ನಮ್ಮ ಮೆಷಿನ್ನಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಉಳಿಯನ್ನು ಎಷ್ಟು ಸರಿಸಬೇಕೆಂದು ತೋರಿಸುವ ಅದರ ಗೆರೆಗಳು ಕೂದಲಿನಷ್ಟು ಸಪೂರ. ಇನ್ನೊಂದು ಕಪ್ಪು, ಭಾರ. ಗೆರೆಗಳು ಆಳ.

ಅಪ್ಪ ಎರಡರ ಗೆರೆಗಳ ಮೇಲೂ ಉಗುರು ಎಳೆದು, "ದೊಡ್ಡದೇ ಇರಲಿ," ಎಂದರು.

ಸಲಾಂ ಬಿಡಬೇಕಲ್ಲ. "ಇದೆಂತ ದೇರಣ್ಣ, ಆಡಿನ ಮೇಲೆ ಆನೆ ಹತ್ತಿಸುದಾ ಮಾರಾಯ್ರೆ?"

"ನೀನು ಲಾರಿ ಬಿಡುದು ನೋಡು. ಮೆಷಿನ್ ನನಗೆ ಗೊತ್ತುಂಟು."

ದೊಡ್ಡದನ್ನು ಸಿಕ್ಕಿಸಿ ಬೆಲ್ಟು ಹಾಕಿ ತಿರುಗಿಸಿದ್ದೇ, ಮೇಜಿನ ಮೇಲಿದ್ದ ಸ್ಪಾನರುಗಳೆಲ್ಲ ಕುಣಿದು ಕೆಳಗೆ ಬಿದ್ದವು. ಕೊರೆದ ತೂತಿನ ಒಳಗೆಲ್ಲ ಅಲೆ ಅಲೆ. ಅಪ್ಪ ಬೆರಳು ಹಾಕಿ ಸವರಿ, ಬೆಲ್ಟು ಕಳಚಿದರು.

ಅಕ್ಕ, ಕಣ್ಣು ಮಂಜಾಗಿದೆ ಎಂದು ಅಪ್ಪ ಯಾರಿಗೂ ಹೇಳಿಲ್ಲ. "ಕಣ್ಣಿಗೆ ಕಸ ಬಿತ್ತು, ನೀನೊಮ್ಮೆ ನೋಡು" ಎನ್ನುತ್ತಾರೆ. ಅಳತೆ ಓದುವುದು ಈಗ ನಾನೇ.

ಸಲಾಂ ಚಾ ಕುಡಿಯಲು ಹೋದಾಗ ಧೈರ್ಯ ಮಾಡಿದೆ. "ಅಪ್ಪ, ಸಣ್ಣದೇ ಇಟ್ಟುಕೊಳ್ಳುವ. ನಾನು ಓದಿ ಹೇಳ್ತೇನಲ್ಲ."

"ನೀನು ಇನ್ನು ಎಷ್ಟು ದಿನ ಇಲ್ಲಿ ಇರುದು ಮಗಾ?"

ಮೂರು ಮೂಲೆಯ ಅರ ತೆಗೆದುಕೊಂಡು, ಸಣ್ಣದರ ಐದೈದು ಗೆರೆಗೊಂದು ಕಚ್ಚು ಹಾಕತೊಡಗಿದೆ.

"ಎಂತ ಮಾಡುದು ನೀನು? ಹಿಂದೆ ಕೊಡುವ ಸಾಮಾನು ಅದು!" ಶಬ್ದ ಕೇಳಿಯೇ ಅಪ್ಪ ಎದ್ದರು.

ಅವರ ಕೈ ಹಿಡಿದು ಉಗುರನ್ನು ಕಚ್ಚಿನ ಮೇಲೆ ಇಡಿಸಿದೆ. ನಿಧಾನವಾಗಿ ತಿರುಗಿಸಿದರು. ಐದು, ಹತ್ತು, ಹದಿನೈದು ಎಂದು ತುಟಿ ಆಡಿತು. ಹಿಂದೆ ತಿರುಗಿಸಿ ಮತ್ತೆ ಎಣಿಸಿದರು.

ಸಲಾಂ ಬಂದಾಗ, "ನಿನ್ನ ಆನೆಯನ್ನು ನೀನೇ ಕಟ್ಟಿಕೊಂಡು ಹೋಗು," ಎಂದರು.

ಸಂಜೆ ಸಣ್ಣದರಲ್ಲೇ ಒಂದು ತೂತು ಕೊರೆದರು. ಒಮ್ಮೆಯೂ ನನ್ನನ್ನು ಕರೆಯಲಿಲ್ಲ. ಸ್ವಲ್ಪ ಹೊತ್ತು ನೋಡುತ್ತ ನಿಂತು, ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತೆ.

ನಿನಗೂ ಮಗುವಿಗೂ ಅಪ್ಪ ಆಶೀರ್ವಾದ ತಿಳಿಸಿದ್ದಾರೆ. ಭಾವನಿಗೆ ನನ್ನ ನಮಸ್ಕಾರ ಹೇಳು.

ನಿನ್ನ
ಲೋಲಾಕ್ಷಿ

ಮರೆತ ಮಾತು: ನಿನ್ನೆ ಅಪ್ಪ ಮೆಲ್ಲನೆ ಕೇಳಿದರು, "ಹುಡುಗ ನೋಡ್ಲಿಕ್ಕೆ ಹೇಗಿದ್ದಾನೆ ಮಗಾ? ಎದುರೇ ಕೂತಿದ್ದ, ನನಗೆ ಬಿಳಿ ಅಂಗಿ ಮಾತ್ರ ಕಂಡದ್ದು." "ಚಂದ ಇದ್ದಾರೆ ಅಪ್ಪ," ಎಂದೆ. ಕಾಫಿ ಕೊಡುವಾಗ ನಾನೂ ತಲೆ ಎತ್ತಿರಲಿಲ್ಲ ಅಕ್ಕ. ಕಂಡದ್ದು ಅವರ ಪಾದ ಮಾತ್ರ. ಅವರ ಮುಖ ಹೇಗಿದೆ ಎಂದು ಭಾವನನ್ನು ಕೇಳಿ ಬೇಗ ಬರೆ. ಮೂಗು ಹೇಗೆ, ಹಣೆ ಹೇಗೆ ಎಂದು ಅಪ್ಪ ಇನ್ನೂ ಕೇಳುತ್ತಿದ್ದಾರೆ.