ಬಲಗಡೆಯ ತಂಬೂರಿ

ಬ್ಯಾಡಗಿ
೧೪ ಜುಲೈ ೨೦೨೪

ಮುದ್ದಿನ ಮಗಳು ನೀಲಾಳಿಗೆ ಅವ್ವನ ಆಶೀರ್ವಾದ.

ಬರೆಯುವುದು ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಫೋನು ಮಾಡಿದರೆ ನೀನು ಎರಡು ಮಾತಾಡಿ ಇಟ್ಟುಬಿಡುತ್ತೀ, ಅದಕ್ಕೇ ಈ ಕಾಗದ. ರಾಣೆಬೆನ್ನೂರಿನಲ್ಲಿ ಮಳೆ ಹೇಗಿದೆ? ಅಳಿಯಂದಿರು ಮನೋಹರ ಆರಾಮ ಇದ್ದಾರಲ್ಲವೇ?

ನಮ್ಮ ಮನೆಯ ಸುದ್ದಿಯೆಲ್ಲ ಹಾಡು ಕೇಳುವ ಪೆಟ್ಟಿಗೆಗಳದೇ. ನಿಮ್ಮಪ್ಪ ಇದ್ದಕ್ಕಿದ್ದಂತೆ, ಎರಡು ಸ್ಪೀಕರಿನ ಸ್ಟೀರಿಯೋ ಸಾಲದು, ಸುತ್ತಲಿಂದ ಕೇಳಿಸುವ ಸರೌಂಡ್ ಬೇಕು ಎಂದು ಹಟ ಹಿಡಿದರು. ಹಾವೇರಿಯ ರೇಡಿಯೋ ಅಂಗಡಿಯ ಶಮಶೇರಸಾಬರು ಬಂದು ಮುಂದೆ ಮೂರು, ಹಿಂದೆ ಎರಡು ಸ್ಪೀಕರ್ ಕೂಡಿಸಿದರು. "ಸಿನಿಮಾಕ್ಕ ಇದು ಬೇಷ್ ಐತ್ರಿ ಅಕ್ಕಾರ, ಹಾಡಿಗೆ ಎರಡ ಸಾಕಿತ್ತು. ಸಾವ್ಕಾರ್ರು ಕೇಳವಲ್ರು" ಎಂದು ನಕ್ಕರು.

ನನಗಂತೂ ಸರಿಬರಲಿಲ್ಲ. ಎರಡೇ ಇದ್ದಾಗ ಹಾಡುವವರು ನಡುವೆ ಕುಳಿತಂತೆ, ತಬಲಾ ಎಡಕ್ಕೆ, ತಂಬೂರಿ ಬಲಕ್ಕೆ. ಈಗ ತಬಲಾ ಬೆನ್ನ ಹಿಂದೆ.

"ಹಾಡು ಕೇಳಾಕ ಕುಂತೇವೋ, ಹಾಡೋರ ನಡುವ ಸಿಕ್ಕೊಂಡೇವೋ?" ಎಂದೆ.

"ಎಲ್ಲಿಂದರ ಬರ್ಲಿ ಬಿಡು" ಎಂದರು ನಿಮ್ಮಪ್ಪ.

ಕೊನೆಗೆ ಸಂಜೆ ಅವರಿಗೆ ಐದೂ ಸ್ಪೀಕರು, ಮಧ್ಯಾಹ್ನ ನನಗೆ ಎರಡೇ ಎಂದು ರಾಜಿಯಾಯಿತು.

ಹೋದ ವಾರ ಮಧ್ಯಾಹ್ನ ಹಾಡು ಹಚ್ಚಿದಾಗ ನನ್ನ ಕಾಲಿಗೆ ಸಿಕ್ಕಿ ಬಲಗಡೆಯ ಸ್ಪೀಕರಿನ ವೈರು ಕಿತ್ತಿತು. ತಂಬೂರಿ ಸತ್ತೇ ಹೋಯಿತು. ನಿಮ್ಮಪ್ಪ ಕಣ್ಣು ಮುಚ್ಚಿ ತಲೆದೂಗುತ್ತಲೇ ಇದ್ದರು. ಅವರ ಬಲಕ್ಕೆ ನಿಂತು, "ತಂಬೂರಿ ಕೇಳಸವಲ್ದಲ್ರಿ" ಎಂದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. ಎದುರಿಗೆ ಬಂದು ಭುಜ ಮುಟ್ಟಿ ಕೇಳಿದೆ. ಕಣ್ಣು ತೆರೆದರು.

"ಬಲಗಿವಿ ಹೋಗೇತಿ. ಯುಗಾದಿ ಮುಂದ ಜ್ವರಾ ಬಂದಿತ್ತಲ್ಲ, ಅವತ್ತಿಂದ. ಐದು ಕಡಿಂದ ಬಂದ್ರ ಒಂದರ ಕಿವಿಗೆ ಬೀಳತೈತಿ ಅಂತ ಮಾಡಿದ್ದೆ."

"ನನಗ್ಯಾಕ ಹೇಳಲಿಲ್ಲ?"

"ಮೆಣಸಿನಕಾಯಿ ಪ್ಯಾಟ್ಯಾಗ ಗೊತ್ತಾದ್ರ ಕಿವುಡ ದಲ್ಲಾಳಿ ಅಂತಾರ. ನಿನಗ ಹೇಳಿದ್ರ ನೀ ಅಳತಿ."

ಹಾವೇರಿಯ ಡಾಕ್ಟರರು ನರ ಹೋಗಿದೆ, ಇನ್ನು ಬರುವುದಿಲ್ಲ ಎಂದರು. ಮನೆಗೆ ಬಂದ ಮೇಲೆ ನಾನು ಹಿಂದಿನ ಸ್ಪೀಕರುಗಳನ್ನು ಬಿಚ್ಚಿಸಿ, ಅವರ ಕುರ್ಚಿಯನ್ನು ಅಡ್ಡ ತಿರುಗಿಸಿದೆ, ಎಡಗಿವಿ ಹಾಡಿನ ಕಡೆಗೆ ಬರುವಂತೆ. ಕಿತ್ತ ವೈರು ಜೋಡಿಸಿ ಹಳೆಯ ಎರಡನ್ನೇ ಹಚ್ಚಿದೆ. ಸ್ವಲ್ಪ ಹೊತ್ತಿಗೆ, "ತಂಬೂರಿ ಬಂತು" ಎಂದರು. ಇಷ್ಟು ವರ್ಷ ಇಬ್ಬರೂ ಗೋಡೆ ನೋಡುತ್ತ ಹಾಡು ಕೇಳಿದವರು. ಈಗ ಅವರ ಮುಖ ನನ್ನ ಕಡೆಗೇ ಇರುತ್ತದೆ. ಈ ವಯಸ್ಸಿನಲ್ಲಿ ನನಗೆ ನಾಚಿಕೆಯಾಗುತ್ತದೆ ನೋಡು.

ಹೊಟ್ಟೆ ತುಂಬ ಉಣ್ಣು, ಮಳೆಯಲ್ಲಿ ತೋಯಿಸಿಕೊಳ್ಳಬೇಡ. ನಿಮ್ಮಿಬ್ಬರ ಬಾಳು ತಂಪಾಗಿರಲಿ.

ನಿನ್ನ ಅವ್ವ,
ಶಾರದವ್ವ

ತಾ.ಕ.: ಮೇ ತಿಂಗಳು ನೀನು ಬಸ್ಸು ಹತ್ತುವ ಮೊದಲು ಅಪ್ಪನ ಬಗಲಿಗೆ ನಿಂತು, "ಅಪ್ಪಾ, ನನ್ನ ಮದುವಿ ಸಿಟ್ಟು ಇನ್ನೂ ಹೋಗಿಲ್ಲೇನು? ಒಮ್ಮೆ ನಮ್ಮ ಮನಿಗೆ ಬರ್ರಿ" ಎಂದು ಮೆಲ್ಲಗೆ ಅಂದೆಯಲ್ಲ; ಬ್ಯಾಗು ಹಿಡಿದು ಹಿಂದೆ ನಿಂತಿದ್ದ ನನಗೆ ಕೇಳಿಸಿತ್ತು. ಅವರು ರಸ್ತೆ ನೋಡುತ್ತ ನಿಂತರು, ನೀನು ಕಣ್ಣೊರೆಸಿಕೊಂಡು ಹತ್ತಿದೆ. ನೀಲಾ, ನೀನು ನಿಂತದ್ದು ಅವರ ಬಲಕ್ಕೆ. ಅವತ್ತಿನಿಂದ ಅವರದೂ ಒಂದೇ ಕೊರಗಂತೆ, ಮೊನ್ನೆ ನನಗೆ ಹೇಳಿದರು: "ಹೋಗೂವಾಗ ಮಗಳು ನನ್ನ ಕೂಡ ಒಂದ ಮಾತೂ ಆಡಲಿಲ್ಲ." ನೀನು ಆಡಿದ್ದನ್ನು ನಾನು ಹೇಳಬಹುದಿತ್ತು, ಹೇಳಿಲ್ಲ. ಅದನ್ನು ಅವರು ನಿನ್ನ ಬಾಯಿಂದಲೇ ಕೇಳಲಿ.