‘ಅಜ್ಜನದ್ದು’ ಎಂದರೆ ಯಾರದ್ದು?

ಹಳೆ ಬಂದರು, ಮಂಗಳೂರು
ಅಕ್ಟೋಬರ್ 1978

ಪಟ್ಟಣದ ಪುರಾತನ ವಸ್ತುಗಳನ್ನು ಕಾಯುವ ಅಧಿಕಾರಿಗಳಾದ ಮಾನ್ಯರೇ,

ತಾವು ಮುಳ್ಳುತಂತಿಯ ಬೇಲಿ ಹಾಕಿ ರಕ್ಷಿಸುತ್ತಿರುವ ಲಂಗರು ನನ್ನ ಸೋದರಮಾವ ಲೋಕನಾಥರದು. ಅದನ್ನು ಬಿಟ್ಟುಕೊಡಿ. ಮಳೆಗಾಲದಲ್ಲಿ ಅದನ್ನು ಮನೆಯೆದುರು ಇಳಿಸಿಡುವುದು ಅವರ ರೂಢಿ. ಈಗ ಮಳೆ ಮುಗಿದಿದೆ. ಅವರ ಮಂಜಿಗೆ, ಅಂದರೆ ಹಾಯಿಹಡಗಿಗೆ, ಲಕ್ಷದ್ವೀಪಕ್ಕೆ ಹೋಗಬೇಕಾದ ಹಂಚು ತುಂಬಿಯಾಗಿದೆ. ದ್ವೀಪದ ಹತ್ತಿರ ಹಡಗನ್ನು ನಿಲ್ಲಿಸುವುದು ಹೇಗೆ? ತಮ್ಮ ಫಲಕ ತೋರಿಸಿಯೇ?

ಆ ಫಲಕ ಹೀಗಿದೆ: ‘ಅಜ್ಜ ಎಂಬ ಪ್ರಾಚೀನ ವರ್ತಕನ ಲಂಗರು. ಸುಮಾರು ನಾನೂರು ವರ್ಷ ಹಳೆಯದು. ಮುಟ್ಟಬಾರದು.’ ಈ ಸಂಶೋಧನೆಯ ಮೂಲ ನನಗೆ ಗೊತ್ತು. ಜುಲೈಯಲ್ಲಿ ತಾವು ಬಂದಾಗ, ಮಳೆ ಬಿಟ್ಟ ಹೊತ್ತು ನೋಡಿ ಸುಂದರಿ ಅತ್ತೆ ಲಂಗರಿನ ಮೇಲೆ ಚಾಪೆ ಒಣಗಿಸುತ್ತಿದ್ದರು. “ಯಾರ ಕಾಲದ್ದಮ್ಮ ಇದು?” ಎಂದಿರಿ. “ಅಜ್ಜನದ್ದು” ಎಂದರು ಅತ್ತೆ. ಅವರು ಗಂಡನ ಹೆಸರು ಹೇಳುವವರಲ್ಲ. ಮೊಮ್ಮಕ್ಕಳಂತೆ ‘ಅಜ್ಜ’ ಎನ್ನುತ್ತಾರೆ. ಆ ಅಜ್ಜ ಆಗ ಒಳಗೆ ಗಂಜಿ ಉಣ್ಣುತ್ತಿದ್ದರು. ಇನ್ನೊಂದು ಪ್ರಶ್ನೆ ಕೇಳಿದ್ದರೆ ಪ್ರಾಚೀನ ವರ್ತಕರೇ ಕೈ ತೊಳೆದು ಹೊರಗೆ ಬರುತ್ತಿದ್ದರು.

ಲಂಗರಿನ ಮೇಲೆ ಮುಂಬಯಿಯ ಕಾರ್ಖಾನೆಯೊಂದರ ಹೆಸರೂ 1951 ಎಂಬ ಇಸವಿಯೂ ಎರಕದಲ್ಲೇ ಇದ್ದವು. ತಮ್ಮವರು ಅವುಗಳ ಮೇಲೆ ಕಪ್ಪು ಬಣ್ಣ ಬಳಿದಿದ್ದಾರೆ. ಇತಿಹಾಸಕ್ಕೆ ಇಸವಿಯಿಂದ ಇಷ್ಟೊಂದು ತೊಂದರೆಯೇ?

ಕಳೆದ ಸೋಮವಾರ ಮಾವ ಬೇಲಿ ದಾಟಲು ಹೋದಾಗ ತಮ್ಮ ಕಾವಲುಗಾರ ಜಯಪಾಲ ತಡೆದ.

“ಮುಟ್ಲಿಕ್ಕಿಲ್ಲ ಅಜ್ಜ.”

“ನನ್ನದು ಮಾರಾಯ ಅದು.”

“ನಿಮ್ಮದು ಹೇಗೆ? ಅದರ ಧಣಿ ಸತ್ತು ನಾನೂರು ವರ್ಷ ಆಯ್ತು. ಬೋರ್ಡ್ ಉಂಟಲ್ಲ.”

“ಸತ್ತವ ನಾನೇ.”

“ಹಾಗಾದ್ರೆ ಆಫೀಸಿಂದ ಚೀಟಿ ತನ್ನಿ.”

ಮನೆಯೊಳಗಿನಿಂದ ಅತ್ತೆ ಕೂಗಿದರು: “ಸತ್ತವರ ಚಾ ಆರ್ತಾ ಉಂಟು. ಬರ್ಲಿಕ್ಕೆ ಹೇಳಿ.”

ಮಾನ್ಯರೇ, ಈ ಊರು ದೊಡ್ಡದಾದದ್ದು ಕರಿಮೆಣಸು, ಅಕ್ಕಿ, ಹಂಚು ತುಂಬಿದ ಹಡಗುಗಳು ಇಲ್ಲಿಂದ ಹೊರಟದ್ದರಿಂದ, ಬೇಲಿಯೊಳಗೆ ಕುಳಿತದ್ದರಿಂದಲ್ಲ. ಅರಬರು ಬಂದರು, ಪೋರ್ಚುಗೀಸರು ಬಂದರು. ಹೋಗುವಾಗ ತಮ್ಮ ಲಂಗರನ್ನು ತಾವೇ ಎತ್ತಿಕೊಂಡು ಹೋದರು. ಯಾವ ಇಲಾಖೆಯೂ ಅವರಿಗೆ ಚೀಟಿ ಕೇಳಿದ್ದನ್ನು ನಾನು ಎಲ್ಲೂ ಓದಿಲ್ಲ.

ಮಾವ ಬದುಕಿದ್ದಾರೆಂದು ತಾವು ಒಪ್ಪಿದರೆ ಲಂಗರು ಅವರದು. ನಾನೂರು ವರ್ಷದ ಹಿಂದೆಯೇ ಸತ್ತರೆಂದು ಹಟ ಹಿಡಿದರೆ, ಮಾವನ ಆಸ್ತಿ ಸೋದರಳಿಯನಿಗೆ ಸೇರುವ ಅಂದಿನ ಅಳಿಯಕಟ್ಟಿನಂತೆ ಅದು ನನ್ನದು. ಯಾವುದನ್ನಾದರೂ ಆರಿಸಿಕೊಳ್ಳಿ. ಶನಿವಾರ ಬೆಳಿಗ್ಗೆ ನಾವಿಬ್ಬರೂ ಎತ್ತಿನಗಾಡಿ ತೆಗೆದುಕೊಂಡು ಬರುತ್ತೇವೆ.

ಇಂತಿ,
ದಿವಂಗತರಲ್ಲದ ಪ್ರಾಚೀನ ವರ್ತಕರ ಅಳಿಯ
ಚಿತ್ತರಂಜನ
(ವಯಸ್ಸು: ತಮ್ಮ ಇಲಾಖೆ ನಿರ್ಧರಿಸಿದಂತೆ)